ವಿದ್ಯುತ್ ಸಹಕಾರ ಸಂಘಗಳು ಮತ್ತು ಆಪ್ಟಿಕಲ್ ಫೈಬರ್ ಜಾಲ

ಹಳ್ಳಿಗಳಿಗೆ ಕರೆಂಟು ಹಂಚುವ ಸಹಕಾರ ಸಂಘವೋ ಸಾರ್ವಜನಿಕ ಕಂಪನಿಯೋ ತನ್ನ ಕಂಬ, ಗೋಪುರ, ಉಪಕೇಂದ್ರಗಳ ಆಸರೆಯಲ್ಲೇ ಆಪ್ಟಿಕಲ್ ಫೈಬರ್ ಎಳೆದು, ಅದರ ಕೆಲವು ಎಳೆಗಳನ್ನು ಗ್ರಿಡ್ಡಿನ ನಿಗಾಕ್ಕೂ ಉಳಿದವನ್ನು ಊರಿನ ಇಂಟರ್‌ನೆಟ್ಟಿಗೂ ಬಳಸುವ ವ್ಯವಸ್ಥೆ. ಇದು ದೊಡ್ಡದಾಗಿ ಬೆಳೆದದ್ದು ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ. ಭಾರತದಲ್ಲಿ ಕೇರಳದ ಕೆ-ಫೋನ್ ಇದಕ್ಕೆ ಅತ್ಯಂತ ಹತ್ತಿರದ ಮಾದರಿ. ಕಾಸರಗೋಡಿನ ಕನ್ನಡಿಗರ ಊರುಗಳೂ ಅದರ ವ್ಯಾಪ್ತಿಯಲ್ಲಿವೆ. ಕರ್ನಾಟಕದಲ್ಲಿ ಇದರ ಎರಡು ಅಂಗಗಳೂ ಇವೆ, ಆದರೆ ಬೇರೆ ಬೇರೆ ಕಡೆ. ಸಹಕಾರಿ ವಿದ್ಯುತ್ತಿನ ಅನುಭವ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿದೆ. ವಿದ್ಯುತ್ ಮಾರ್ಗದ ಜತೆ ಫೈಬರ್ ಎಳೆಯುವ ಅನುಭವ ರಾಜ್ಯದ ಪ್ರಸರಣ ಕಂಪನಿ ಕೆಪಿಟಿಸಿಎಲ್ ಮತ್ತು ಬೆಂಗಳೂರಿನ ವಿತರಣಾ ಕಂಪನಿ ಬೆಸ್ಕಾಂಗಳಲ್ಲಿದೆ. ಫೈಬರ್ ಯಾರ ಊರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಕಂಬದ ಒಡೆತನ. ಈ ವಿಷಯದ ಚರಿತ್ರೆ ಉದ್ದಕ್ಕೂ ಅದನ್ನೇ ತೋರಿಸುತ್ತದೆ.

ಅಮೆರಿಕದ ಹಿನ್ನೆಲೆ

1930ರ ದಶಕದ ಆರಂಭದಲ್ಲಿ ಅಮೆರಿಕದ ಪಟ್ಟಣಗಳೆಲ್ಲ ಬೆಳಗುತ್ತಿದ್ದವು. ಒಕ್ಕಲುತನದ ಮನೆಗಳಲ್ಲಿ ಮಾತ್ರ ಹತ್ತರಲ್ಲಿ ಒಂದಕ್ಕಷ್ಟೇ ಕರೆಂಟಿತ್ತು. ಮೈಲಿಗೆ ಎರಡು ಮೂರು ಮನೆಗಳಿರುವ ಕಡೆ ತಂತಿ ಎಳೆದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ ಎಂಬುದು ಖಾಸಗಿ ಕಂಪನಿಗಳ ಲೆಕ್ಕ. 1935ರ ಮೇ ತಿಂಗಳಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಮರುವರ್ಷ ಅದಕ್ಕೆ ಕಾಯ್ದೆಯ ಬಲ ಬಂತು. ಕಂಪನಿಗಳು ಒಲ್ಲೆವೆಂದ ಕಡೆ ರೈತರೇ ಸಂಘ ಕಟ್ಟಿಕೊಂಡರು, ಸರ್ಕಾರದಿಂದ ಕಡಿಮೆ ಬಡ್ಡಿಯ ಸಾಲ ತೆಗೆದರು, ಕಂಬ ನೆಟ್ಟರು. ಈ ಸಂಘಗಳ ರಾಷ್ಟ್ರೀಯ ಒಕ್ಕೂಟ ಎನ್‌ಆರ್‌ಇಸಿಎ 1942ರಲ್ಲಿ ಹುಟ್ಟಿತು. 1950ರ ದಶಕದ ನಡುವಿನ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಒಕ್ಕಲು ಮನೆಗಳಿಗೆ ಕರೆಂಟು ಬಂದಿತ್ತು. ಇಂದು ಆ ದೇಶದಲ್ಲಿ ಸುಮಾರು 900 ವಿದ್ಯುತ್ ಸಹಕಾರ ಸಂಘಗಳಿವೆ. ದೇಶದ ಅರ್ಧಕ್ಕಿಂತ ಹೆಚ್ಚು ಭೂಭಾಗ ಅವುಗಳ ವ್ಯಾಪ್ತಿಯಲ್ಲಿದೆ. ಅವನ್ನು ನೆಚ್ಚಿರುವವರು 4 ಕೋಟಿಗೂ ಹೆಚ್ಚು ಜನ.

ಇಂಟರ್‌ನೆಟ್ಟಿನ ಕಾಲಕ್ಕೆ ಅದೇ ಊರುಗಳು ಅದೇ ಮಾತನ್ನು ಎರಡನೇ ಸಲ ಕೇಳಬೇಕಾಯಿತು. ದೂರಸಂಪರ್ಕ ಕಂಪನಿಗಳೂ ಮೈಲಿಗೆ ಮನೆ ಎಷ್ಟೆಂದೇ ಎಣಿಸಿದವು. 2010ರ ಸುಮಾರಿಗೆ ಮಿಸೌರಿ ರಾಜ್ಯದ ಕೊ-ಮೊ ಎಂಬ ಸಂಘ ಸದಸ್ಯರಿಂದ ತಲಾ 100 ಡಾಲರ್ ಮುಂಗಡ ಪಡೆದು, ಎಲ್ಲಿ ಸಾಕಷ್ಟು ಜನ ಒಪ್ಪಿದರೋ ಅಲ್ಲಿಂದ ಫೈಬರ್ ಎಳೆಯಲು ತೊಡಗಿತು. ಅದೇ ರಾಜ್ಯದ ರಾಲ್ಸ್ ಕೌಂಟಿ ಸಂಘ ಕೇಂದ್ರದ ನೆರವು ಪಡೆದು ತನ್ನ ವ್ಯಾಪ್ತಿಯಲ್ಲಿ ಜಾಲ ಕಟ್ಟಿತು. ಈಗ 200ಕ್ಕೂ ಹೆಚ್ಚು ವಿದ್ಯುತ್ ಸಂಘಗಳು ಬ್ರಾಡ್‌ಬ್ಯಾಂಡ್ ಕೊಡುತ್ತಿವೆ. ಟೆನೆಸಿಯ ಚಟನೂಗಾ ನಗರದ ವಿದ್ಯುತ್ ಮಂಡಳಿ ಸಹಕಾರ ಸಂಘವಲ್ಲ, ನಗರದ ಸ್ವತ್ತು. ಆದರೂ ಈ ಚರ್ಚೆಯಲ್ಲಿ ಅದರ ಹೆಸರು ಬಂದೇ ಬರುತ್ತದೆ. ಗ್ರಿಡ್ಡಿನ ಸ್ವಯಂಚಾಲಿತ ಸ್ವಿಚ್ಚುಗಳಿಗೆಂದು ಎಳೆದ ಫೈಬರಿನಲ್ಲೇ ಅದು 2010ರಲ್ಲಿ ಮನೆಮನೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕ ಕೊಟ್ಟಿತು.

ಹುಕ್ಕೇರಿ ಸಂಘ

ಗದಗದ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ಬೆಳಗಿದ್ದೂ ಅದೇ ವರ್ಷ. ಸಹಕಾರ, ಕರೆಂಟು ಎರಡೂ ಕನ್ನಡ ನಾಡಿಗೆ ಜತೆಯಲ್ಲೇ ಬಂದರೂ ಒಂದನ್ನೊಂದು ಕೂಡಿಕೊಳ್ಳಲು ಆರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು. ಅಮೆರಿಕದ ನೆರವು ಮತ್ತು ಎನ್‌ಆರ್‌ಇಸಿಎ ತಜ್ಞರ ಸಲಹೆಯ ಮೇಲೆ ದೇಶದ ಐದು ಕಡೆ ಪ್ರಾಯೋಗಿಕ ವಿದ್ಯುತ್ ಸಹಕಾರ ಸಂಘಗಳು ಹುಟ್ಟಿಕೊಂಡವು: ಆಗಿನ ಮೈಸೂರು ರಾಜ್ಯದ ಹುಕ್ಕೇರಿ, ಆಗ ಆಂಧ್ರಕ್ಕೆ ಸೇರಿದ್ದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್ ಮತ್ತು ಉತ್ತರಪ್ರದೇಶದ ಲಖನೌ. ಹುಕ್ಕೇರಿಯ ಸಂಘವನ್ನು ಕಟ್ಟಿ ನಿಲ್ಲಿಸಿದವರು ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ.

ಜಾಗದ ಆಯ್ಕೆ ಆಕಸ್ಮಿಕವಾಗಿರಲಾರದು. ಹಿರಣ್ಯಕೇಶಿ, ಘಟಪ್ರಭಾ ನದಿಗಳ ಆಸರೆಯ ಕಬ್ಬಿನ ಸೀಮೆ ಅದು. ಪಂಪ್‌ಸೆಟ್ಟಿಗೆ ಕರೆಂಟು ಬೇಕೆಂದು ಕಾಯುತ್ತಿದ್ದ ರೈತರಿದ್ದರು. ಸಂಘದ ಷೇರು, ವಾರ್ಷಿಕ ಸಭೆ, ನಿರ್ದೇಶಕರ ಚುನಾವಣೆ ಇವೆಲ್ಲ ಕಾರ್ಖಾನೆ ಮತ್ತು ಪತ್ತಿನ ಸಂಘಗಳಿಂದಾಗಿ ಅವರಿಗೆ ಹೊಸತಾಗಿರಲಿಲ್ಲ. ಹೊಸದಾಗಿದ್ದದ್ದು ಕಂಬ ಮತ್ತು ತಂತಿ ಮಾತ್ರ.

ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ಆ ತಾಲ್ಲೂಕಿನ ಕರೆಂಟು ಹಂಚುತ್ತಿದೆ. ಅದು ವಿದ್ಯುತ್ ಉತ್ಪಾದಿಸುವುದಿಲ್ಲ. ಸಗಟಾಗಿ ಪಡೆದು ಮನೆ, ಅಂಗಡಿ, ಗಿರಣಿ, ಪಂಪ್‌ಸೆಟ್ಟುಗಳಿಗೆ ಬಿಡಿಯಾಗಿ ಕೊಡುತ್ತದೆ. ಸುತ್ತಲಿನ ರಾಜ್ಯದ ತಾಲ್ಲೂಕುಗಳೆಲ್ಲ ಸರ್ಕಾರಿ ವಿತರಣಾ ಕಂಪನಿ ಹೆಸ್ಕಾಂ ವ್ಯಾಪ್ತಿಯವು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿ ಮಾಡುವಾಗ ಐದು ಎಸ್ಕಾಂಗಳ, ಅಂದರೆ ಸರ್ಕಾರಿ ವಿತರಣಾ ಕಂಪನಿಗಳ ಜತೆ ಈ ಒಂದು ಸಹಕಾರ ಸಂಘದ ಲೆಕ್ಕವನ್ನೂ ಬೇರೆಯಾಗಿ ಪರಿಶೀಲಿಸುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಡೆದ ಇದರ ಆಡಳಿತ ಮಂಡಳಿ ಚುನಾವಣೆ ವಿಧಾನಸಭೆ ಚುನಾವಣೆಯಷ್ಟೇ ಬಿಸಿಯೇರಿತ್ತು. ಅದನ್ನು ಬರೀ ರಾಜಕೀಯ ಹಗೆತನವೆಂದು ತಳ್ಳಿಹಾಕಿದರೆ ತಪ್ಪಾದೀತು. ಕರೆಂಟು ಕೊಡುವ ಸಂಸ್ಥೆಯನ್ನು ಯಾರು ನಡೆಸಬೇಕು ಎಂದು ಗ್ರಾಹಕರೇ ಮತ ಹಾಕಿ ಹೇಳುವ ಅವಕಾಶ ಕರ್ನಾಟಕದಲ್ಲಿ ಬೇರಾವ ತಾಲ್ಲೂಕಿಗೂ ಇಲ್ಲ.

ಉಳಿದ ಸಂಘಗಳ ಹಾದಿ ಸುಗಮವಾಗಿರಲಿಲ್ಲ. ಮುಳಾ-ಪ್ರವರಾ ಸಂಘ ಬಾಕಿಯ ಹೊರೆಯಲ್ಲಿ ಸಿಕ್ಕಿಕೊಂಡು 2011ರಲ್ಲಿ ಪರವಾನಗಿ ಕಳೆದುಕೊಂಡಿತು. ಅದರ ಪ್ರದೇಶ ಮಹಾರಾಷ್ಟ್ರದ ಸರ್ಕಾರಿ ಕಂಪನಿಯ ಪಾಲಾಯಿತು. ಸಿರಿಸಿಲ್ಲದ ಸಂಘ ತೆಲಂಗಾಣದಲ್ಲಿ ಮುಂದುವರಿದಿದೆ. ಕೋಲಾರಕ್ಕೆ ಅಂಟಿಕೊಂಡಂತಿರುವ ಆಂಧ್ರದ ಕುಪ್ಪಂನಲ್ಲೂ ಇಂಥದೇ ಒಂದು ಸಂಘ ಬೆಳೆದಿತ್ತು. ಬಾಂಗ್ಲಾದೇಶದಲ್ಲಿ ಇದೇ ಎನ್‌ಆರ್‌ಇಸಿಎ ನೆರವಿನಿಂದ ಹುಟ್ಟಿದ ಪಲ್ಲಿ ವಿದ್ಯುತ್ ಸಮಿತಿಗಳು ದೇಶದ ಗ್ರಾಮಾಂತರವನ್ನೆಲ್ಲ ವ್ಯಾಪಿಸಿದವು. ಭಾರತದಲ್ಲಿ ಮಾದರಿ ಹಾಗೆ ಹಬ್ಬದೆ ಹೋದದ್ದಕ್ಕೆ ಮುಖ್ಯ ಕಾರಣ, ಸಂಘಗಳ ಸುತ್ತ ಬಲವಾದ ರಾಜ್ಯ ವಿದ್ಯುತ್ ಮಂಡಳಿಗಳು ಬೆಳೆದು ನಿಂತದ್ದು. ಪಂಪ್‌ಸೆಟ್ಟಿನ ಕರೆಂಟಿಗೆ ದರವಿಲ್ಲದಾದಾಗ ಸಂಘದ ಆದಾಯ ಸದಸ್ಯರಿಗಿಂತ ಸರ್ಕಾರದ ಸಹಾಯಧನವನ್ನೇ ನೆಚ್ಚಬೇಕಾದದ್ದು ಇನ್ನೊಂದು ಕಾರಣ.

ಗ್ರಿಡ್ಡಿಗೆ ಫೈಬರ್ ಏಕೆ ಬೇಕು

ಕರೆಂಟನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ಉತ್ಪಾದನೆಯೂ ಬಳಕೆಯೂ ಪ್ರತಿ ಗಳಿಗೆ ಸರಿತೂಗಬೇಕು. ಹಾಗಾಗಿ ವಿದ್ಯುತ್ ಜಾಲದ ಪಕ್ಕದಲ್ಲಿ ಮೊದಲಿನಿಂದಲೂ ಸುದ್ದಿಯ ಜಾಲವೊಂದು ಇದ್ದೇ ಇದೆ. ಬಹುಕಾಲ ಈ ಕೆಲಸ ನಡೆದದ್ದು ಹೈಟೆನ್ಷನ್ ತಂತಿಯ ಮೇಲೆಯೇ: ಕರೆಂಟು ಹರಿಯುವ ವಾಹಕದಲ್ಲೇ ಹೆಚ್ಚಿನ ಆವರ್ತನದ ಅಲೆಯಾಗಿ ಮಾತು, ಸಂಕೇತ ಕಳುಹಿಸುವ ಪಿಎಲ್‌ಸಿಸಿ ವಿಧಾನ ಅದು. ಉಪಕೇಂದ್ರಗಳಲ್ಲಿ ತಂತಿಗೆ ಜೋತುಬಿದ್ದ ದಪ್ಪನೆಯ ಸುರುಳಿ ಡಬ್ಬಿಗಳು, ಅಂದರೆ ವೇವ್‌ಟ್ರ್ಯಾಪ್‌ಗಳು, ಅದರ ಗುರುತು. ಆಮೇಲೆ ಕೆಪಿಟಿಸಿಎಲ್ ದೂರದಿಂದಲೇ ನಿಗಾ ಇಟ್ಟು ನಿಯಂತ್ರಿಸುವ ತನ್ನ ಸ್ಕಾಡಾ ವ್ಯವಸ್ಥೆಗೆ ಉಪಗ್ರಹದ ವಿಸ್ಯಾಟ್ ಸಂಪರ್ಕಗಳನ್ನು ಬಳಸಿತು. ಕಾಡಿನ ಮಧ್ಯದ ಉಪಕೇಂದ್ರಕ್ಕೂ ಅದು ತಲುಪುತ್ತದೆ. ಆದರೆ ಸಂಕೇತ 36,000 ಕಿ.ಮೀ. ಮೇಲೇರಿ ಇಳಿದು, ಉತ್ತರ ಮತ್ತೆ ಹಾಗೇ ಬರಬೇಕಾದ್ದರಿಂದ ಹೋಗಿಬರಲು ಅರ್ಧ ಸೆಕೆಂಡು ಹಿಡಿಯುತ್ತದೆ.

ಅರ್ಧ ಸೆಕೆಂಡು ಮನುಷ್ಯನಿಗೆ ಏನೂ ಅಲ್ಲ, ಗ್ರಿಡ್ಡಿಗೆ ಬಹಳ. ನಮ್ಮ ಕರೆಂಟಿನ ಒಂದು ಆವರ್ತಕ್ಕೆ ಹಿಡಿಯುವುದು 20 ಮಿಲಿಸೆಕೆಂಡು. ಲೈನಿನ ಎರಡೂ ತುದಿಯ ಪ್ರವಾಹವನ್ನು ಹೋಲಿಸಿ, ತಾಳೆಯಾಗದಿದ್ದರೆ ಒಂದೆರಡು ಆವರ್ತದೊಳಗೆ ಬ್ರೇಕರ್ ಬಿಡಿಸುವ ಡಿಫರೆನ್ಷಿಯಲ್ ರಿಲೇಗಳಿಗೆ ಫೈಬರಿನಂಥ ವೇಗದ ದಾರಿಯೇ ಬೇಕು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, 100 ಕಿ.ಮೀ. ಆಚೆಯ ಉಪಕೇಂದ್ರಕ್ಕೆ ಅರ್ಧ ಮಿಲಿಸೆಕೆಂಡು ಸಾಕು. ಗಾಜು ವಿದ್ಯುತ್ ವಾಹಕವಲ್ಲದ್ದರಿಂದ ಪಕ್ಕದಲ್ಲಿ ಎಷ್ಟೇ ಕಿಲೋವೋಲ್ಟ್ ಇದ್ದರೂ, ಸಿಡಿಲೇ ಎರಗಿದರೂ ಒಳಗಿನ ಸಂಕೇತ ಕಲಕುವುದಿಲ್ಲ.

ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಂದಿಗೆ ಒಂದೇ ಲಯದಲ್ಲಿ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಮಾರ್ಗದ ಮೂಲಕ. ಅಂದಿನಿಂದ ರಾಯಚೂರಿನ ಒಂದು ಏರುಪೇರು ಪಂಜಾಬಿನಲ್ಲೂ ಕಾಣಿಸಿಕೊಳ್ಳಬಹುದು. ದಕ್ಷಿಣದ ರಾಜ್ಯಗಳ ಮೇಲೆ ಕಣ್ಣಿಡುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರವೂ ಕರ್ನಾಟಕದ ರಾಜ್ಯ ಕೇಂದ್ರವೂ ಬೆಂಗಳೂರಿನ ರೇಸ್‌ಕೋರ್ಸ್ ಅಡ್ಡರಸ್ತೆಯ ಅಕ್ಕಪಕ್ಕದಲ್ಲಿವೆ. ದೊಡ್ಡ ಉಪಕೇಂದ್ರಗಳಲ್ಲಿ ಕೂರಿಸಿದ ಫೇಸರ್ ಮಾಪಕಗಳು ಸೆಕೆಂಡಿಗೆ 25 ಬಾರಿ ಅಳತೆ ತೆಗೆದು ಫೈಬರ್ ಮೂಲಕ ಇಂಥ ಕೇಂದ್ರಗಳಿಗೆ ಕಳುಹಿಸುತ್ತವೆ.

ಹಳ್ಳಿಯ ಮಟ್ಟದಲ್ಲಿ ಅಗತ್ಯದ ಸ್ವರೂಪ ಬೇರೆ. 11 ಕೆ.ವಿ. ಫೀಡರ್ ಉಪಕೇಂದ್ರದಿಂದ ಹೊರಟು ಹೊಲ, ಹಳ್ಳ ದಾಟಿ ಹತ್ತಾರು ಟಿಸಿಗಳಿಗೆ (ಟ್ರಾನ್ಸ್‌ಫಾರ್ಮರುಗಳಿಗೆ) ಕರೆಂಟು ಕೊಡುತ್ತಾ ಹೋಗುತ್ತದೆ. ಮಳೆಗಾಲದ ರಾತ್ರಿ ಎಲ್ಲೋ ಒಂದು ಕೊಂಬೆ ಬಿದ್ದರೆ ಇಡೀ ಫೀಡರ್ ಟ್ರಿಪ್ ಆಗುತ್ತದೆ. ಲೈನ್‌ಮನ್ ಬೈಕಿನಲ್ಲಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನೋಡುತ್ತಾ ಹೋಗಬೇಕು. ದೋಷದ ಜಾಗ ಸಿಕ್ಕಿದ ಮೇಲೆ ಉಪಕೇಂದ್ರಕ್ಕೆ ಫೋನ್ ಮಾಡಿ ಎಲ್.ಸಿ. ತೆಗೆದುಕೊಳ್ಳಬೇಕು, ಅಂದರೆ ಲೈನ್ ಬಂದ್ ಆಗಿದೆ, ಇನ್ನು ಮುಟ್ಟಬಹುದು ಎಂಬ ಖಾತ್ರಿ ಪಡೆಯಬೇಕು. ಆ ಎಲ್.ಸಿ.ಯಲ್ಲಿ ಎಡವಟ್ಟಾಗಿ ಜೀವ ಕಳೆದುಕೊಂಡ ಪವರ್‌ಮನ್‌ಗಳ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಫೀಡರಿನ ನಡುನಡುವೆ ದೂರದಿಂದ ನಡೆಸಬಲ್ಲ ಸ್ವಿಚ್ಚುಗಳು, ದೋಷ ಸೂಚಕಗಳು, ಅವುಗಳಿಗೊಂದು ನಂಬುಗೆಯ ಸಂಪರ್ಕ ಇದ್ದರೆ ಕೆಟ್ಟ ತುಂಡನ್ನಷ್ಟೇ ಬೇರ್ಪಡಿಸಿ ಉಳಿದ ಊರುಗಳಿಗೆ ನಿಮಿಷಗಳಲ್ಲಿ ಕರೆಂಟು ಕೊಡಬಹುದು. ಲೈನಿನ ಸ್ಥಿತಿಯನ್ನು ಉಪಕೇಂದ್ರದವರು ಕಣ್ಣಾರೆ ನೋಡಿ ಹೇಳಬಹುದು. ಮೊಬೈಲ್ ಸಿಮ್ ಹಾಕಿದ ಮೋಡೆಮ್ಮಿನಿಂದಲೂ ಇದು ನಡೆಯುತ್ತದೆ, ಆದರೆ ಕರೆಂಟು ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಸಂಪರ್ಕ ಅತ್ಯಗತ್ಯವಾದ ಗಳಿಗೆಯಲ್ಲೇ ಅದು ಇರುವುದಿಲ್ಲ.

ಕಂಬದ ಮೇಲೆ ಗಾಜಿನ ಎಳೆ

ಫೈಬರಿನ ತಿರುಳು ಸುಮಾರು 9 ಮೈಕ್ರಾನ್, ಹೊದಿಕೆ ಗಾಜೂ ಸೇರಿ 125 ಮೈಕ್ರಾನ್. 1966ರಲ್ಲಿ ಚಾರ್ಲ್ಸ್ ಕಾವ್ ಅವರು ಗಾಜಿನೊಳಗಿನ ಕಲ್ಮಶ ತೆಗೆದರೆ ಬೆಳಕು ಕಿಲೋಮೀಟರುಗಟ್ಟಲೆ ಸಾಗೀತು ಎಂದು ತೋರಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಇಂದಿನ ಎಳೆಗಳಲ್ಲಿ 1550 ನ್ಯಾನೊಮೀಟರ್ ತರಂಗದ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಮಾತ್ರ ಸೊರಗುತ್ತದೆ. 15 ಕಿ.ಮೀ. ಸಾಗಿದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ.

ವಿದ್ಯುತ್ ಮಾರ್ಗದಲ್ಲಿ ಇದನ್ನು ಎಳೆಯಲು ಮುಖ್ಯವಾಗಿ ಎರಡು ವಿಧಾನ. ದೊಡ್ಡ ಗೋಪುರಗಳ ನೆತ್ತಿಯಲ್ಲಿ ಸಿಡಿಲಿನಿಂದ ರಕ್ಷಿಸಲು ಒಂದು ಭೂತಂತಿ ಇರುತ್ತದೆ. ಅದರ ಹೊಟ್ಟೆಯಲ್ಲೇ ಫೈಬರ್ ತುಂಬಿದರೆ ಒಪಿಜಿಡಬ್ಲ್ಯು. ಒಂದೇ ತಂತಿ ಸಿಡಿಲನ್ನೂ ತಡೆಯುತ್ತದೆ, ಸುದ್ದಿಯನ್ನೂ ಒಯ್ಯುತ್ತದೆ. ಪವರ್‌ಗ್ರಿಡ್ ನಿಗಮ ಹೀಗೆ ದೇಶದುದ್ದ ಎಳೆದ ಎಳೆಗಳಲ್ಲಿ ಮಿಕ್ಕವನ್ನು ದೂರಸಂಪರ್ಕ ಕಂಪನಿಗಳಿಗೆ ಬಾಡಿಗೆ ಕೊಟ್ಟು ದೊಡ್ಡ ವ್ಯವಹಾರವನ್ನೇ ಕಟ್ಟಿದೆ. ಎರಡನೆಯದು ಊರೊಳಗಿನ ಕಂಬಗಳಿಗೆ ಹೊಂದುವ ಎಡಿಎಸ್‌ಎಸ್ ಕೇಬಲ್: ಲೋಹವೇ ಇಲ್ಲದ, ಅರಾಮಿಡ್ ನಾರಿನ ಬಲದಿಂದ ತನ್ನ ಭಾರವನ್ನು ತಾನೇ ಹೊರುವ ಕೇಬಲ್. 11 ಕೆ.ವಿ. ತಂತಿಗಳ ಕೆಳಗೆ, ಸಾಕಷ್ಟು ಅಂತರ ಬಿಟ್ಟು ಇದನ್ನು ಕಟ್ಟುತ್ತಾರೆ. ರಸ್ತೆ ಅಗೆಯಬೇಕಿಲ್ಲ, ಜೆಸಿಬಿಯ ಭಯವಿಲ್ಲ. ಬಿರುಗಾಳಿಗೆ ಕಂಬ ಬಿದ್ದರೆ ಮಾತ್ರ ಕರೆಂಟಿನ ಜತೆ ಇದೂ ಬೀಳುತ್ತದೆ.

ತುಂಡಾದ ಎಳೆಯನ್ನು ಕೂಡಿಸುವ ಕೆಲಸ ಹತ್ತಿರದಿಂದ ನೋಡುವಂಥದ್ದು. ಕೇಬಲ್ಲಿನ ಸಿಪ್ಪೆ ಸುಲಿದರೆ ಸಣ್ಣ ಕೊಳವೆಗಳು, ಅವುಗಳೊಳಗೆ ಬಣ್ಣ ಬಳಿದ ಕೂದಲಿನಂಥ ಎಳೆಗಳು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಈ ಹನ್ನೆರಡರ ಕ್ರಮ ತಪ್ಪಿದರೆ ಒಂದು ಊರಿನ ಸಂಪರ್ಕ ಇನ್ನೊಂದು ಊರಿಗೆ ಹೋಗುತ್ತದೆ. ಕೆಲಸಗಾರ ಎಳೆಯ ಮೇಲಿನ ಬಣ್ಣದ ಪದರ ಕೆರೆದು, ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರ್ ಎಂಬ ಪುಟ್ಟ ಸಾಧನದಲ್ಲಿ ತುದಿಯನ್ನು ನೇರವಾಗಿ ಕತ್ತರಿಸುತ್ತಾನೆ. ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು ಮುಚ್ಚಿದರೆ ಅಂಗೈಯಗಲದ ಪರದೆಯ ಮೇಲೆ ಅವು ಎರಡು ದಪ್ಪ ಕೋಲುಗಳಾಗಿ ಕಾಣುತ್ತವೆ. ಯಂತ್ರವೇ ಅವನ್ನು ಎದುರುಬದುರು ತಂದು ಕಿಡಿ ಹಾರಿಸಿ ಬೆಸೆಯುತ್ತದೆ. ನಷ್ಟ ಎಷ್ಟೆಂದು ಡೆಸಿಬೆಲ್‌ನ ನೂರನೇ ಭಾಗಗಳಲ್ಲಿ ಬರೆದು ತೋರಿಸುತ್ತದೆ. ಬೆಸುಗೆಯ ಮೇಲೆ ತೋಳು ಸರಿಸಿ ಕಾಯಿಸಿ ಗಟ್ಟಿ ಮಾಡಿದರೆ ಒಂದು ಎಳೆ ಮುಗಿಯಿತು. ಧೂಳು, ಗಾಳಿ, ಬೆವರು ಮೂರೂ ಇದಕ್ಕೆ ವೈರಿಗಳು.

ಒಂದೇ ಕೇಬಲ್ಲಿನಲ್ಲಿ 24 ಅಥವಾ 48 ಎಳೆಗಳಿರುವುದು ಸಾಮಾನ್ಯ. ಗ್ರಿಡ್ಡಿಗೆ ಬೇಕಾದದ್ದು ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಎಳೆಯುವ ಖರ್ಚಿನ ದೊಡ್ಡ ಪಾಲು ಕಂಬ, ಕೂಲಿ, ಅನುಮತಿಗಳಿಗೇ ಹೋಗುವುದರಿಂದ ಎಳೆಗಳ ಸಂಖ್ಯೆ ಇಮ್ಮಡಿಸಿದರೂ ಒಟ್ಟು ಖರ್ಚು ಅಷ್ಟೇನೂ ಏರದು. ಊರಿಗೆ ಸಿಗುವ ಜಾಲ ಹುಟ್ಟುವುದು ಈ ಮಿಕ್ಕ ಎಳೆಗಳಿಂದಲೇ. ಮನೆಗಳಿಗೆ ಕೊಡುವಾಗ ಒಂದು ಎಳೆಯನ್ನು ಸ್ಪ್ಲಿಟರ್ ಮೂಲಕ 32 ಮನೆಗಳಿಗೆ ಹಂಚುವ ಜಿಪಾನ್ ವಿಧಾನ ಬಳಕೆಯಲ್ಲಿದೆ. ದಾರಿಯಲ್ಲಿ ಕರೆಂಟು ಬೇಡುವ ಯಂತ್ರವೇ ಇಲ್ಲದ್ದರಿಂದ ಹಳ್ಳಿಗೆ ಇದು ಹೇಳಿಮಾಡಿಸಿದಂತಿದೆ.

ದೂರಸಂಪರ್ಕ ಉಪಕರಣಗಳಿಗೂ ಕರ್ನಾಟಕಕ್ಕೂ ಹಳೆಯ ನಂಟು. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ಕಪ್ಪು ಟೆಲಿಫೋನಿನಿಂದ ಹಿಡಿದು, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಜಿಪಾನ್ ಪೆಟ್ಟಿಗೆಗಳವರೆಗೆ ತಯಾರಿಸಿತು. ಅದೇ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ಕಿತ್ತೂರಿನಲ್ಲಿ. ಹುಕ್ಕೇರಿಯಂತೆ ಕಿತ್ತೂರೂ ಬೆಳಗಾವಿ ಜಿಲ್ಲೆಯದೇ. ಹಳ್ಳಿಯ ಕರೆಂಟು ಮತ್ತು ಹಳ್ಳಿಯ ಫೋನು ಎರಡರ ದೊಡ್ಡ ಪ್ರಯೋಗಗಳೂ ಈ ಒಂದೇ ಜಿಲ್ಲೆಯಲ್ಲಿ ನಡೆದವು ಎಂಬುದನ್ನು ಕರ್ನಾಟಕ ಇನ್ನೂ ಸರಿಯಾಗಿ ನೆನೆದಂತಿಲ್ಲ.

ಕಾಸರಗೋಡಿನಿಂದ ಮಡಕಶಿರದವರೆಗೆ

ಕೇರಳದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಕೇರಳ ರಾಜ್ಯ ವಿದ್ಯುತ್ ಮಂಡಳಿ (ಕೆಎಸ್ಇಬಿ) ಮತ್ತು ರಾಜ್ಯದ ಐಟಿ ಮೂಲಸೌಕರ್ಯ ಕಂಪನಿ ಸೇರಿ ಕಟ್ಟಿದ ಸಂಸ್ಥೆ ಇದು. ಸುಮಾರು 30,000 ಕಿ.ಮೀ. ಫೈಬರಿನ ಬಹುಪಾಲು ಸಾಗಿರುವುದು ಮಂಡಳಿಯ ಗೋಪುರ, ಕಂಬಗಳ ಮೇಲೆ. ಜಾಲದ 375 ಸಂಧಿಕೇಂದ್ರಗಳು ವಿದ್ಯುತ್ ಉಪಕೇಂದ್ರಗಳಲ್ಲೇ ಇವೆ. 30,000ದಷ್ಟು ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆಗಳನ್ನು ಬೆಸೆಯುವುದು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವುದು ಗುರಿ. ಮೊದಲ ಕಂತಿನಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 100ರಂತೆ 14,000 ಮನೆಗಳನ್ನು ಆರಿಸಲಾಯಿತು. ದುಡ್ಡು ಕೊಡುವವರಿಗೆ 20 ಎಂಬಿಪಿಎಸ್ ವೇಗಕ್ಕೆ ತಿಂಗಳಿಗೆ 299 ರೂಪಾಯಿ ದರವಿಟ್ಟರು. ಕಟ್ಟುವ ಗುತ್ತಿಗೆ ಪಡೆದ ಕೂಟಕ್ಕೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮುಂದಾಳು.

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ, ತುಳು ಮನೆಗಳಿಗೂ ಕರೆಂಟು ತರುವುದು ಕೆಎಸ್ಇಬಿ ಕಂಬವೇ. ಗಡಿನಾಡಿನ ಶಾಲೆಗೆ ಪಟ್ಟಣದ ಶಾಲೆಗೆ ಬಂದ ಜಾಲವೇ ಬರಬೇಕಾದರೆ ಜಾಲ ಕಂಬದ ಹಾದಿಯನ್ನೇ ಹಿಡಿಯಬೇಕು. ಕಂಬ ಹೋಗದ ಊರು ಕೇರಳದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆ-ಫೋನಿನ ಯೋಚನೆಯಲ್ಲಿ ಗಟ್ಟಿಯಾದದ್ದು ಇದು. ಉಚಿತ ಸಂಪರ್ಕಗಳು ಗುರಿಗಿಂತ ಬಹಳ ನಿಧಾನವಾಗಿ ಸಾಗಿದ್ದು, ಗುತ್ತಿಗೆಯ ಷರತ್ತುಗಳ ಮೇಲೆ ಆಕ್ಷೇಪ ಎದ್ದು ನ್ಯಾಯಾಲಯದವರೆಗೆ ಹೋದದ್ದು ಅದರ ದುರ್ಬಲ ಭಾಗ.

ಆಂಧ್ರಪ್ರದೇಶ ಇನ್ನೂ ಮೊದಲೇ, 2016ರ ಸುಮಾರಿನಿಂದ, ಎಪಿ ಫೈಬರ್‌ನೆಟ್ ಹೆಸರಿನಲ್ಲಿ ವಿದ್ಯುತ್ ಕಂಬಗಳ ಮೇಲೆ ಸುಮಾರು 24,000 ಕಿ.ಮೀ. ಕೇಬಲ್ ಎಳೆದು, ತಿಂಗಳಿಗೆ 149 ರೂಪಾಯಿಯಿಂದ ಟಿ.ವಿ., ಫೋನ್, ಇಂಟರ್‌ನೆಟ್ ಮೂರನ್ನೂ ಕೊಡುವ ಯೋಜನೆ ತಂದಿತು. ಹಿಂದೂಪುರ, ಮಡಕಶಿರ, ರಾಯದುರ್ಗದಂಥ ಕನ್ನಡ ಕೇಳಿಬರುವ ಊರುಗಳಿರುವುದೂ ಆ ರಾಜ್ಯದಲ್ಲೇ. ಸರ್ಕಾರ ಬದಲಾದಂತೆಲ್ಲ ಸಂಸ್ಥೆಯ ಆಡಳಿತ, ಲೆಕ್ಕಪತ್ರಗಳು ರಾಜಕೀಯ ಜಗಳಕ್ಕೆ ಸಿಕ್ಕಿಕೊಂಡವು. ಸದಸ್ಯರ ಸಭೆಗೆ ಲೆಕ್ಕ ಒಪ್ಪಿಸಬೇಕಾದ ಸಹಕಾರ ಸಂಘಕ್ಕೂ ಸಚಿವಾಲಯಕ್ಕೆ ಲೆಕ್ಕ ಒಪ್ಪಿಸುವ ನಿಗಮಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ

ಕರ್ನಾಟಕದ ಆರು ಸಾವಿರದಷ್ಟು ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿದ್ದು ವಿದ್ಯುತ್ ಕಂಪನಿಗಳಿಂದಲ್ಲ, ಕೇಂದ್ರದ ಭಾರತ್‌ನೆಟ್ ಯೋಜನೆಯಿಂದ. 2011ರ ಅಕ್ಟೋಬರಿನಲ್ಲಿ ಬೇರೆ ಹೆಸರಿನಲ್ಲಿ ಮಂಜೂರಾದ ಈ ಯೋಜನೆಯಲ್ಲಿ ಬಿಎಸ್‌ಎನ್‌ಎಲ್ ರಸ್ತೆ ಬದಿ ಕೇಬಲ್ ಹೂತಿತು. ಮೊದಲ ಹಂತದ ಜಾಲ ಗೆರೆಯಂತೆ ಒಂದೇ ದಿಕ್ಕಿಗೆ ಹೋಗುವಂಥದ್ದು: ನಡುವೆ ಒಂದು ಕಡೆ ತುಂಡಾದರೆ ಆಚೆಯ ಪಂಚಾಯಿತಿಗಳೆಲ್ಲ ನಿಂತುಹೋಗುತ್ತವೆ. ರಸ್ತೆ ಅಗಲೀಕರಣ, ನಲ್ಲಿ ನೀರಿನ ಪೈಪ್‌ಲೈನ್ ಎಂದು ಅಗೆದಲ್ಲೆಲ್ಲ ಕೇಬಲ್ ಕತ್ತರಿಸಿತು. ಪಹಣಿ ತೆಗೆಸಲು ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಬಸ್ ಚಾರ್ಜು ದಂಡವಾಗಿಸಿಕೊಂಡು ಹಿಂದಿರುಗಿದ್ದರಲ್ಲಿ ಈ ತುಂಡುಗಳ ಪಾಲು ಸಣ್ಣದಲ್ಲ. ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್, ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರ ಇವೆಲ್ಲ ಸಂಪರ್ಕ ಇದ್ದರೆ ಮಾತ್ರ ಬದುಕುವ ಸಂಸ್ಥೆಗಳು.

2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ದೊರೆಯಿತು. ಗೆರೆಯ ಬದಲು ಬಳೆಯಾಕಾರದ ಜಾಲ, ಕಟ್ಟಿದವರದೇ 10 ವರ್ಷಗಳ ನಿರ್ವಹಣೆ ಇದರ ಮುಖ್ಯ ಬದಲಾವಣೆಗಳು. ಆದರೂ ಪಂಚಾಯಿತಿ ಕಟ್ಟಡದಿಂದ ಮನೆಯವರೆಗಿನ ಕೊನೆಯ ಹಾದಿ ತೆರೆದೇ ಇದೆ. ಆ ಹಾದಿಯಲ್ಲಿ ಕಂಬ ಇರುವುದು ಎಸ್ಕಾಂಗಳದ್ದು, ಹುಕ್ಕೇರಿಯಲ್ಲಾದರೆ ಸದಸ್ಯರದ್ದೇ.

ಸರ್ವಜ್ಞನಗರ: ಕಂಬ ಒಂದು, ಕೇಬಲ್ ನೂರು

ನಗರದಲ್ಲಿ ಸಮಸ್ಯೆ ತಿರುವುಮುರುವು. ಬೆಂಗಳೂರು ದಂಡು ಪ್ರದೇಶದ ಅಂಚಿನಲ್ಲಿ ಹಬ್ಬಿರುವ ಸರ್ವಜ್ಞನಗರ ಕ್ಷೇತ್ರದ ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ, ಎಚ್‌ಬಿಆರ್ ಬಡಾವಣೆಗಳಲ್ಲಿ ತಲೆಯೆತ್ತಿದರೆ ಬೆಸ್ಕಾಂ ಕಂಬಗಳಿಗೆ ಸುತ್ತಿದ ಕರಿ ಕೇಬಲ್ ಕಟ್ಟುಗಳು ಕಾಣುತ್ತವೆ. ಒಂದೊಂದು ಇಂಟರ್‌ನೆಟ್ ಕಂಪನಿಯೂ ತನ್ನದೇ ಎಳೆ ಎಳೆದಿದೆ. ಸಂಪರ್ಕ ಬಿಟ್ಟವರ ಹಳೆಯ ಕೇಬಲ್ ಬಿಚ್ಚುವವರಿಲ್ಲ. ಜೋತುಬಿದ್ದ ಕೇಬಲ್ ಸ್ಕೂಟರಿನವರ ಕೊರಳಿಗೆ ಬರುತ್ತದೆ. ಕಂಬ ಹತ್ತುವ ಲೈನ್‌ಮನ್‌ಗೆ ಕಾಲಿಡಲು ಜಾಗವಿರುವುದಿಲ್ಲ. 2008ರಲ್ಲಿ ಕ್ಷೇತ್ರ ರಚನೆಯಾದಾಗಿನಿಂದ ಇಲ್ಲಿನ ಶಾಸಕರಾಗಿರುವ ಕೆ.ಜೆ. ಜಾರ್ಜ್ 2023ರ ಮೇ ತಿಂಗಳಲ್ಲಿ ರಾಜ್ಯದ ಇಂಧನ ಸಚಿವರಾದರು. 2024ರಲ್ಲಿ ಬೆಸ್ಕಾಂ ಅನಧಿಕೃತ ಫೈಬರ್ ಮತ್ತು ಟಿ.ವಿ. ಕೇಬಲ್‌ಗಳನ್ನು ಕಂಬಗಳಿಂದ ತೆಗೆಯಲು ಗಡುವು ಕೊಟ್ಟು, ಆಮೇಲೆ ತಾನೇ ಕತ್ತರಿಸಲು ಮುಂದಾಯಿತು. ಕತ್ತರಿಸಿದ ದಿನ ಮನೆಯಿಂದ ಕೆಲಸ ಮಾಡುವವರು, ಆನ್‌ಲೈನ್ ಪರೀಕ್ಷೆಗೆ ಕೂತ ಮಕ್ಕಳು ಪಾಡುಪಟ್ಟರು. ಅವರ ಸಿಟ್ಟು ನ್ಯಾಯವಾದದ್ದೇ. ಲೈನ್‌ಮನ್‌ನ ಜೀವದ ಪ್ರಶ್ನೆ ಅದಕ್ಕಿಂತ ದೊಡ್ಡದು.

ಇದಕ್ಕೆ ಶಾಶ್ವತ ಉತ್ತರ ನೆಲದಡಿಯಲ್ಲಿದೆ. ಬೆಸ್ಕಾಂ ನಗರದ ಮೇಲ್ತಂತಿಗಳನ್ನು ಭೂಗತ ಕೇಬಲ್‌ಗಳಾಗಿ ಬದಲಿಸುವ ಯೋಜನೆಯಲ್ಲಿ ಅದೇ ಅಗೆತದಲ್ಲಿ ಫೈಬರ್ ಕೊಳವೆಯನ್ನೂ ಹೂತಿದೆ. ಸ್ವಂತ ಸ್ವಿಚ್ಚುಗಳ ನಿಯಂತ್ರಣಕ್ಕೆ ಒಂದಿಷ್ಟು ಎಳೆ ಇಟ್ಟುಕೊಂಡು ಉಳಿದದ್ದನ್ನು ಕಂಪನಿಗಳಿಗೆ ಬಾಡಿಗೆ ಕೊಡುವುದು ಉದ್ದೇಶ. ಒಂದು ಬೀದಿಗೆ ಹತ್ತು ಕಂಪನಿಯ ಹತ್ತು ಕೇಬಲ್ ಬದಲು ಒಂದೇ ಕೇಬಲ್ಲಿನ ಹತ್ತು ಎಳೆ ಸಾಕು. ಅಮೆರಿಕದ ಹಳ್ಳಿಗಳಲ್ಲಿ ಯಾರೂ ಬಾರದ್ದಕ್ಕೆ ಹುಟ್ಟಿದ ವಿಧಾನ ಎಲ್ಲರೂ ನುಗ್ಗಿ ಬಂದ ಕಮ್ಮನಹಳ್ಳಿಗೂ ಮದ್ದಾಗುತ್ತದೆ.

ಕಾನೂನು, ಹಣ ಮತ್ತು ಕೆಲಸಗಾರರು

2003ರ ವಿದ್ಯುಚ್ಛಕ್ತಿ ಕಾಯ್ದೆಯ 51ನೇ ಕಲಮು ವಿತರಣಾ ಪರವಾನಗಿದಾರ ತನ್ನ ಆಸ್ತಿಯನ್ನು ಪೂರ್ತಿ ಬಳಸಿಕೊಳ್ಳಲು ಆಯೋಗಕ್ಕೆ ಮೊದಲೇ ತಿಳಿಸಿ ಬೇರೆ ವ್ಯವಹಾರ ನಡೆಸಬಹುದು ಎನ್ನುತ್ತದೆ. ಆ ವರಮಾನದಲ್ಲಿ ಆಯೋಗ ಹೇಳಿದಷ್ಟು ಪಾಲು ವಿದ್ಯುತ್ ಸಾಗಣೆ ಶುಲ್ಕ ಇಳಿಸಲು ಹೋಗಬೇಕು. ಪ್ರಸರಣ ಕಂಪನಿಗಳಿಗೆ 41ನೇ ಕಲಮು ಇಂಥದೇ ಅವಕಾಶ ಕೊಡುತ್ತದೆ. ಎರಡೂ ವ್ಯವಹಾರಗಳ ಲೆಕ್ಕ ಬೇರೆ ಬೇರೆ ಇರಬೇಕು, ವಿದ್ಯುತ್ ವ್ಯವಹಾರ ಇನ್ನೊಂದಕ್ಕೆ ಸಹಾಯಧನ ಕೊಡುವಂತಾಗಬಾರದು. ಬರೀ ಕತ್ತಲೆ ಎಳೆ (ಬೆಳಕು ಹಾಯಿಸದ ಖಾಲಿ ಫೈಬರ್), ಕಂಬ, ಕೊಳವೆ ಬಾಡಿಗೆ ಕೊಡಲು ದೂರಸಂಪರ್ಕ ಇಲಾಖೆಯಲ್ಲಿ ಮೂಲಸೌಕರ್ಯ ಸಂಸ್ಥೆಯಾಗಿ ನೋಂದಾಯಿಸಿಕೊಂಡರೆ ಸಾಕಿತ್ತು. ಮನೆಗಳಿಗೆ ಇಂಟರ್‌ನೆಟ್ ಮಾರಲು ಬೇರೆಯೇ ಪರವಾನಗಿ ಬೇಕು. 2023ರ ದೂರಸಂಪರ್ಕ ಕಾಯ್ದೆ ಈ ಪರವಾನಗಿಗಳ ಚೌಕಟ್ಟನ್ನೇ ಹೊಸದಾಗಿ ಬರೆಯುತ್ತಿದೆ.

ಸಣ್ಣ ಸಂಘಕ್ಕೆ ಇದರಲ್ಲಿ ಹೆಚ್ಚು ಸುರಕ್ಷಿತವಾದ ದಾರಿ ಎಳೆ ಬಾಡಿಗೆಯದು. ಗ್ರಾಹಕ ಸೇವೆ, ಬ್ಯಾಂಡ್‌ವಿಡ್ತ್ ಖರೀದಿ, ಖಾಸಗಿ ಕಂಪನಿಗಳ ದರ ಸಮರ ಇವನ್ನೆಲ್ಲ ಎದುರಿಸುವ ತ್ರಾಣ ಪ್ರತಿ ಸಂಘಕ್ಕೂ ಇರುವುದಿಲ್ಲ. ಅಮೆರಿಕದಲ್ಲೂ ಹಲವು ಸಂಘಗಳು ಜಾಲವನ್ನು ತಾವು ಕಟ್ಟಿ ಸೇವೆಯನ್ನು ಸ್ಥಳೀಯ ಟೆಲಿಫೋನ್ ಸಹಕಾರ ಸಂಘಗಳಿಗೆ ಒಪ್ಪಿಸಿವೆ. ಕರ್ನಾಟಕದ ತಾಲ್ಲೂಕುಗಳಲ್ಲಿ ಆ ಜಾಗದಲ್ಲಿ ನಿಲ್ಲಬಲ್ಲವರು ದಶಕಗಳಿಂದ ಮನೆಮನೆ ಬಲ್ಲ ಕೇಬಲ್ ಟಿ.ವಿ. ಆಪರೇಟರುಗಳು. ಬಾಕಿ ವಸೂಲಿಯಿಂದ ಹಿಡಿದು ಕಂಬಕ್ಕೆ ಏಣಿ ಹಾಕುವವರೆಗೆ ಎಲ್ಲ ಬಲ್ಲ ಅವರನ್ನು ಜಾಲದ ಶತ್ರುಗಳೆಂದು ನೋಡುವ ಬದಲು ಪಾಲುದಾರರನ್ನಾಗಿ ಮಾಡಿಕೊಳ್ಳುವುದು ವಿವೇಕ.

ನಿರ್ವಹಣೆಯಲ್ಲಿ ಎರಡು ಬಗೆಯ ಕೈಚಳಕ ಕೂಡಬೇಕು. ಪವರ್‌ಮನ್‌ಗೆ ಕಂಬ, ಎಲ್.ಸಿ., ಅರ್ಥಿಂಗ್ ಗೊತ್ತು. ಗಾಜಿನ ಎಳೆಯ ಬೆಸುಗೆ ಬೇರೆ ತರಬೇತಿ ಬೇಡುತ್ತದೆ. ಮುಂಗಾರುಪೂರ್ವ ಗಾಳಿಗೆ ಕಂಬ ಉರುಳಿದರೆ ಮೊದಲು ಲೈನ್ ಬಂದ್ ಮಾಡಿ ಭೂಸಂಪರ್ಕ ಕೊಡಬೇಕು, ಆಮೇಲೆ ಕಂಬ ಎತ್ತಿ ವಾಹಕ ಬಿಗಿಯಬೇಕು, ಕೊನೆಗೆ ಫೈಬರ್ ಬೆಸೆಯಬೇಕು. ಎರಡು ಸಂಸ್ಥೆಗಳಿದ್ದರೆ ಎರಡನೆಯವರು ಬರುವವರೆಗೆ ಊರಿಗೆ ಕರೆಂಟು ಬಂದೂ ಇಂಟರ್‌ನೆಟ್ ಇರುವುದಿಲ್ಲ. ಎರಡೂ ಜಾಲಗಳನ್ನು ತಾನೇ ನಡೆಸುವ ಸಹಕಾರ ಸಂಘದಲ್ಲಿ ಒಂದೇ ಗಾಡಿಯಲ್ಲಿ ಇಬ್ಬರೂ ಹೋಗಬಹುದು. ಏಣಿ, ಹಗ್ಗ, ಸ್ಪ್ಲೈಸಿಂಗ್ ಯಂತ್ರ ಅದರಲ್ಲೇ ಇರಬಹುದು, ದೂರು ಬರುವ ಫೋನ್ ನಂಬರೂ ಒಂದೇ ಆಗಬಹುದು.